ಕುಂಡದಲ್ಲಿ ಕೊತ್ತಂಬರಿ: ಮೊಳಕೆ ಬರುವ ತನಕ ಜೋಪಾನ

ಕೊತ್ತಂಬರಿ ಹುಟ್ಟಲೇ ಇಲ್ಲ ಎನ್ನುವವರು ಎಡವುವುದು ಬಿತ್ತಿದ ಮೊದಲ ಎರಡು ವಾರಗಳಲ್ಲೇ. ಇಡೀ ಕಾಳನ್ನು ಮಣ್ಣಿಗೆ ಚೆಲ್ಲಿ, ನಾಲ್ಕು ದಿನ ನೀರು ಸುರಿದು, ಐದನೆಯ ದಿನ ಆಸೆ ಬಿಟ್ಟುಬಿಡುತ್ತಾರೆ.

ಕುಂಡ ಅಗಲವಾಗಿರಲಿ, ಕನಿಷ್ಠ 8 ಇಂಚು ಆಳವಿರಲಿ, ತಳದಲ್ಲಿ ತೂತುಗಳಿರಲಿ. ಎರಡು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ದಪ್ಪ ಮರಳು ಬೆರೆಸಿದರೆ ಸಾಕು.

ಈಗ ಬೀಜ. ನಾವು ಬೀಜ ಎನ್ನುವ ಆ ದುಂಡು ಕಾಳು ನಿಜಕ್ಕೂ ಕಾಯಿ. ಒಳಗೆ ಎರಡು ಬೀಜಗಳಿರುತ್ತವೆ. ಕಾಳನ್ನು ಬಟ್ಟೆಯ ಮೇಲೆ ಹರಡಿ, ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸಿ. ಎರಡು ಹೋಳಾಗಬೇಕು, ಅಷ್ಟೇ. ಕುಟ್ಟಾಣಿಯಲ್ಲಿ ಕುಟ್ಟಬೇಡಿ, ಒಳಗಿನ ಮೊಳಕೆಯೇ ಜಜ್ಜಿಹೋಗುತ್ತದೆ. ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ನೀರು ಬಸಿದು ಅಂದೇ ಬಿತ್ತಿ. ಅಡುಗೆಮನೆಯ ಡಬ್ಬಿಯ ಕಾಳು ಹಳೆಯದಾಗಿದ್ದರೆ ಅಥವಾ ಹುರಿದದ್ದಾದರೆ ಎಷ್ಟು ನೆನೆಸಿದರೂ ವ್ಯರ್ಥ.

ಬಿತ್ತುವ ಮೊದಲೇ ಮಣ್ಣನ್ನು ಪೂರ್ತಿ ತೋಯಿಸಿಡಿ. ಒಂದು ಸೆಂಟಿಮೀಟರ್ ಆಳದ ಗೀರು ಎಳೆದು, ಬೆರಳಗಲದ ಅಂತರದಲ್ಲಿ ಬೀಜ ಹಾಕಿ, ಮಣ್ಣು ಮುಚ್ಚಿ, ಅಂಗೈಯಿಂದ ಮೆಲ್ಲಗೆ ಒತ್ತಿ. ಮುಂದಿನ ನೀರೆಲ್ಲ ಸ್ಪ್ರೇಯರ್‌ನಿಂದಲೇ. ಚೆಂಬಿನಿಂದ ಸುರಿದರೆ ಬೀಜ ಒಂದು ಮೂಲೆಗೆ ಕೊಚ್ಚಿಹೋಗುತ್ತದೆ; ಮೇಲ್ಮಣ್ಣು ಹೆಪ್ಪುಗಟ್ಟಿ ಮೊಳಕೆ ಅದನ್ನು ಸೀಳಲಾರದೆ ಒಳಗೇ ಸಾಯುತ್ತದೆ. ಒದ್ದೆ ಗೋಣಿತಟ್ಟು ಮುಚ್ಚಿಡುವುದು ಒಳ್ಳೆಯದು. ಆದರೆ ದಿನವೂ ಎತ್ತಿ ನೋಡಿ, ಮೊದಲ ಮೊಳಕೆ ಕಂಡ ದಿನವೇ ತೆಗೆಯಿರಿ. ಒಂದೆರಡು ದಿನ ತಡವಾದರೂ ಸಸಿ ಬಿಳಿಚಿಕೊಂಡು ಉದ್ದಕ್ಕೆ ಎಳೆದು ಬಾಗುತ್ತದೆ. ಮೊಳಕೆಗೆ 7ರಿಂದ 15 ದಿನ ಬೇಕು, ಚಳಿಯಿದ್ದರೆ ಇನ್ನೂ ಹೆಚ್ಚು. ಸಸಿಯ ಬುಡ ಮಣ್ಣಿನ ಮಟ್ಟದಲ್ಲಿ ನೂಲಿನಂತೆ ಸಣಕಲಾಗಿ ಮಗುಚಿ ಬಿದ್ದರೆ ಅದು ಬುಡ ಕೊಳೆರೋಗ, ನೀರು ಹೆಚ್ಚಾಗಿದೆ ಎಂದೇ ಲೆಕ್ಕ. ಬೆರಳಿಗೆ ತೇವ ತಾಗುವಷ್ಟಿದ್ದರೆ ಅಂದು ನೀರು ಬೇಡ.

ಆಮೇಲೆ ಹಗುರ: ನಾಲ್ಕೈದು ಗಂಟೆ ಬಿಸಿಲು, ಗಿಡಗಳ ನಡುವೆ ಎರಡು ಇಂಚು ಜಾಗ. ಒತ್ತಾದ ಸಸಿಗಳನ್ನು ಕಿತ್ತು ಅಡುಗೆಗೆ ಬಳಸಿ, ಬೇರೆ ಕುಂಡಕ್ಕೆ ನೆಡಬೇಡಿ. ನೇರಕ್ಕಿಳಿಯುವ ತಾಯಿಬೇರು ಅಲುಗಿದರೆ ಗಿಡ ಸೊರಗುತ್ತದೆ, ಇಲ್ಲವೇ ಬೇಗ ಹೂವಿಗೆ ತಿರುಗುತ್ತದೆ. ಬೇರುಸಹಿತ ಕೊಂಡುತಂದ ಕಟ್ಟನ್ನು ಮಣ್ಣಿಗೆ ಊರುವ ಸುಲಭೋಪಾಯವೂ ಇದೇ ಕಾರಣಕ್ಕೆ ಕೈಕೊಡುತ್ತದೆ. ಬೆಳವಣಿಗೆ ಹೆಚ್ಚಿಸುವ ಬಣ್ಣಬಣ್ಣದ ದ್ರಾವಣಗಳಿಗೆ ದುಡ್ಡು ಸುರಿಯಬೇಡಿ. ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗುತ್ತದೆ, ಘಮ ಕಡಿಮೆಯಾಗುತ್ತದೆ.

ಗಿಡ ಗೇಣುದ್ದವಾದಾಗ ಹೊರಸುತ್ತಿನ ದಂಟುಗಳನ್ನಷ್ಟೇ ಕತ್ತರಿಸಿ, ನಡುವಿನ ಕುಡಿ ಉಳಿಸಿ. ಸೆಕೆ ಏರಿದಾಗ ಎಲೆಗಳು ಎಳೆಎಳೆಯಾಗಿ ಸೀಳಿ ನಡುವಿನಿಂದ ಹೂದಂಟು ಮೇಲೇಳುತ್ತದೆ. ಅದನ್ನು ಚಿವುಟಿ ಪ್ರಯೋಜನವಿಲ್ಲ. ಹಾಗೇ ಬಿಟ್ಟು ಹಸಿರು ಕಾಯಿ ಕೊಯ್ದುಕೊಳ್ಳಿ. ಸೊಪ್ಪು ತಪ್ಪದೆ ಸಿಗಬೇಕಾದರೆ ಎರಡು ಮೂರು ವಾರಕ್ಕೊಮ್ಮೆ ಇನ್ನೊಂದು ಕುಂಡಕ್ಕೆ ಬಿತ್ತುತ್ತಿರಿ.