ದುಂಡು ಶಾಫ್ಟಿನ ಮೇಲೆ ಓಡುವ ಕ್ಯಾರೇಜನ್ನು ಲಾಕ್ ಮಾಡುವುದು ಹೇಗೆ?

ಬೆಳಗಾವಿಯ ಉದ್ಯಮಬಾಗದಂಥ ಕಡೆ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡವರು ಎರಡು ದುಂಡು ಶಾಫ್ಟು, ಅವುಗಳ ಮೇಲೆ ಉದ್ದಕ್ಕೆ ಜಾರುವ ನಾಲ್ಕು ಲೀನಿಯರ್ ಬೇರಿಂಗ್ ತಂದು ಡ್ರಿಲ್ಲಿಂಗ್ ಜಿಗ್ಗನ್ನೋ ಕಟಿಂಗ್ ಸ್ಟಾಪನ್ನೋ ತಾವೇ ಮಾಡಿಕೊಳ್ಳಬಹುದು. ಬೇರಿಂಗುಗಳ ಮೇಲೆ ಕೂತು ಓಡಾಡುವ ಭಾಗ, ಅಂದರೆ ಕ್ಯಾರೇಜ್, ಬೆರಳಲ್ಲಿ ತಳ್ಳಿದರೂ ಓಡುತ್ತದೆ. ತೊಂದರೆ ಇರುವುದು ಬೇಕಾದಲ್ಲಿ ಅದನ್ನು ನಿಲ್ಲಿಸುವುದರಲ್ಲಿ.

ಕ್ಯಾರೇಜಿಗೆ ತೂತು ಹೊಡೆದು, ಟ್ಯಾಪ್ ಹಾಕಿ ಥ್ರೆಡ್ ಕೊರೆದು, ಸ್ಕ್ರೂ ತುದಿಯನ್ನು ನೇರ ಶಾಫ್ಟಿಗೆ ಒತ್ತುವ ಉಪಾಯ ಎಲ್ಲರಿಗೂ ಮೊದಲು ಹೊಳೆಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಒಳ್ಳೆಯ ಶಾಫ್ಟಿನ ಮೈ 60 ಎಚ್‌ಆರ್‌ಸಿ (ಲೋಹದ ಗಡಸುತನದ ಅಳತೆ) ಆಸುಪಾಸಿನಷ್ಟು ಗಟ್ಟಿ. ಸ್ಕ್ರೂ ಅಲ್ಲಿ ಜಾರುತ್ತದೆ. ಶಾಫ್ಟು ಮೆತ್ತಗಿದ್ದರೆ ಗುರುತು ಬಿದ್ದು ಅಂಚು ಏಳುತ್ತದೆ. ಆ ಅಂಚಿನ ಮೇಲೆ ಬೇರಿಂಗಿನ ಬಾಲುಗಳು ಹಾಯುವಾಗಲೆಲ್ಲ ಕ್ಯಾರೇಜ್ ತಡವರಿಸುತ್ತದೆ. ಸಾಲದ್ದಕ್ಕೆ ಒಂದೇ ಬದಿಯಿಂದ ಬಿದ್ದ ಒತ್ತಡವನ್ನೆಲ್ಲ ಬೇರಿಂಗೇ ಹೊರಬೇಕು.

ಮುಷ್ಟಿಯಲ್ಲಿ ಕೋಲು ಹಿಡಿದಂತೆ ಶಾಫ್ಟನ್ನು ಸುತ್ತಲೂ ಹಿಡಿಯುವ ಸೀಳು ಕ್ಲ್ಯಾಂಪೇ ಸರಿಯಾದ ದಾರಿ.

20 ಮಿಮೀ ಶಾಫ್ಟಿಗೆ 55×40×25 ಮಿಮೀ ಅಲ್ಯೂಮಿನಿಯಂ ತುಂಡು ಸಾಕು. 55ರ ಉದ್ದದಲ್ಲಿ ಒಂದು ತುದಿಯಿಂದ 20 ಮಿಮೀ ಬಿಟ್ಟು ಸೆಂಟರ್ ಪಂಚ್ ಮಾಡಿ, 25ರ ದಪ್ಪದ ಆಚೆಗೆ ಹಾಯುವಂತೆ ಬೋರ್ ಮಾಡಿ, ಕೊನೆಗೆ ತೂತನ್ನು ನಿಖರ ಅಳತೆಗೆ ನುಣುಪಾಗಿಸುವ ರೀಮರ್ ಹಾಯಿಸಿ. ಶಾಫ್ಟು ಅಲುಗಾಡದೆ ಸಲೀಸಾಗಿ ತೂರಬೇಕು. ಬೋರ್ ಸಡಿಲವಾದರೆ ಕ್ಲ್ಯಾಂಪ್ ಎರಡೇ ಗೆರೆಗಳಲ್ಲಿ ಶಾಫ್ಟನ್ನು ಮುಟ್ಟುತ್ತದೆ, ಹಿಡಿತ ಬರುವುದಿಲ್ಲ.

ಬೋಲ್ಟಿನ ತೂತು ಸೀಳುವ ಮೊದಲೇ ಆಗಬೇಕು. ಬೋರಿನ ಅಂಚಿನಿಂದ 12 ಮಿಮೀ ದೂರದಲ್ಲಿ, ಮೇಲಿನಿಂದ ಕೆಳಗಿನವರೆಗೆ 5 ಮಿಮೀ ಡ್ರಿಲ್ ಹೊಡೆಯಿರಿ. ಮೇಲಿನ ಅರ್ಧವನ್ನು 6.5ಕ್ಕೆ ಅಗಲಿಸಿ, ಕೆಳಗಿನ ಅರ್ಧಕ್ಕೆ ಎಂ6 ಟ್ಯಾಪ್ ಹಾಕಿ. ಆಮೇಲೆ ಬೋಲ್ಟಿನ ತೂತು ಇರುವ ಕಡೆಯ ತುದಿಯಿಂದ ಬೋರಿನವರೆಗೆ ಹ್ಯಾಕ್ಸಾದಿಂದ ಸೀಳಿ, ಒಳಗಿನ ಚೂಪು ಅಂಚನ್ನು ಅರದಿಂದ ತೆಗೆಯಿರಿ.

ಕೆಲಸ ಕೆಡುವುದು ಸಾಮಾನ್ಯವಾಗಿ ಕೂರಿಸುವಾಗ, ಹಾಗಾಗಿ ಇಲ್ಲಿ ಅವಸರ ಬೇಡ. ಕ್ಲ್ಯಾಂಪಿನ ಮೇಲಿನ ಅರ್ಧ ಮಾತ್ರ ಕ್ಯಾರೇಜ್ ಪ್ಲೇಟಿಗೆ ಬೋಲ್ಟ್ ಆಗಬೇಕು. ಕೆಳಗಿನದು ಬಿಡುವಾಗಿದ್ದರಷ್ಟೇ ಬಿಗಿಯಲು ಬಾಗುತ್ತದೆ. ಮೊದಲು ಕ್ಲ್ಯಾಂಪನ್ನು ಶಾಫ್ಟಿಗೆ ತೂರಿಸಿ ಬಿಗಿಯಿರಿ. ಅದಕ್ಕೂ ಪ್ಲೇಟಿಗೂ ನಡುವೆ ಸಂದು ಉಳಿದರೆ ಅಷ್ಟೇ ದಪ್ಪದ ತಗಡಿನ ಶಿಮ್ ತುಂಬಿ, ಆನಂತರ ಪ್ಲೇಟಿನ ಬೋಲ್ಟುಗಳನ್ನು ಟೈಟ್ ಮಾಡಿ. ಸಂದನ್ನು ಬೋಲ್ಟಿನಿಂದಲೇ ಎಳೆದು ಮುಚ್ಚಿದರೆ ಪ್ರತಿ ಸಲ ಲಾಕ್ ಮಾಡಿದಾಗ ಕ್ಯಾರೇಜ್ ಕೆಳಗೆ ಎಳೆದುಕೊಳ್ಳುತ್ತದೆ.

ಸೂಕ್ಷ್ಮ ಕದಲಿಕೆಯನ್ನು ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇದ್ದರೆ ಕ್ಯಾರೇಜಿಗೆ ತಾಗಿಸಿ ಲಾಕ್ ಮಾಡಿ ನೋಡಿ. ಮುಳ್ಳು ಕದಲಿದರೆ ಶಿಮ್ ಬದಲಿಸಿ ಮತ್ತೆ ಕೂರಿಸಿ.

ಎರಡು ಶಾಫ್ಟಿದ್ದರೂ ಸಾಧಾರಣ ಕೆಲಸಕ್ಕೆ ಕ್ಲ್ಯಾಂಪ್ ಒಂದಕ್ಕೇ ಸಾಕು, ಕೆಲಸದ ಒತ್ತಡ ಯಾವ ಬದಿಗೆ ಹೆಚ್ಚೋ ಆ ಬದಿಗೆ. ಪಾನಾ ಹುಡುಕುವ ಕೆಲಸ ತಪ್ಪಲು ಅಲೆನ್ ಬೋಲ್ಟ್ ಬದಲು ಹಿಡಿಕೆಯ ಬೋಲ್ಟ್ ಹಾಕಿಕೊಳ್ಳಿ. ಶಾಫ್ಟಿನ ಎಣ್ಣೆ ಒರೆಸಿ ಒಣಗಿಸಬೇಡಿ, ಬೇರಿಂಗಿಗೆ ಅದು ಬೇಕು. ಹಿಡಿತ ಸಾಲದಿದ್ದರೆ ಕ್ಲ್ಯಾಂಪಿನ ದಪ್ಪವನ್ನು 40ಕ್ಕೆ ಏರಿಸಿ, ಎರಡು ಬೋಲ್ಟ್ ಕೊಡಿ.

ಶಾಫ್ಟಿನ ಕೆಳಗೆ ಉದ್ದಕ್ಕೂ ಆಧಾರದ ಪಟ್ಟಿ ಇರುವ ರೈಲಾದರೆ ಈ ಕ್ಲ್ಯಾಂಪ್ ಸುತ್ತುವರಿಯಲಾರದು. ಅದಕ್ಕೆ ಎರಡೂ ಪಕ್ಕದಿಂದ ಸಮನಾಗಿ ಒತ್ತುವ ರೆಡಿಮೇಡ್ ಕ್ಲ್ಯಾಂಪ್ ಕೊಳ್ಳುವುದೇ ಲೇಸು. ಇನ್ನು ಕ್ಯಾರೇಜ್ ಮೇಲೆ-ಕೆಳಗೆ ಓಡುವ ಮಷಿನ್ನಾದರೆ ಕ್ಲ್ಯಾಂಪನ್ನಷ್ಟೇ ನಂಬಿ ಅದರಡಿ ಕೈ ಹಾಕಬೇಡಿ. ಕೆಳಗೊಂದು ಗಟ್ಟಿ ಪಿನ್ನನ್ನೋ ಮರದ ದಿಮ್ಮಿಯನ್ನೋ ಅಡ್ಡ ಕೊಟ್ಟೇ ಕೆಲಸ ಮಾಡಿ.