ಆನೆ ಒಂದೇ, ಮಾವುತರು ಇಬ್ಬರು: ಪ್ರೈಮರಿ ಕಾರ್ಟೂನ್ ಓದೋದು ಹೇಗೆ?

ಅಮೆರಿಕದ ರಾಜಕೀಯ ಕಾರ್ಟೂನ್ ಕೈಗೆ ಸಿಕ್ಕರೆ ನಾವೆಲ್ಲ ಮೊದಲು ಹುಡುಕೋದು ಆನೆ ಮತ್ತು ಕತ್ತೆಯನ್ನು. ಆನೆ ರಿಪಬ್ಲಿಕನ್, ಕತ್ತೆ ಡೆಮಾಕ್ರಟ್. ನವೆಂಬರ್ ಚುನಾವಣೆಯ ಕಾರ್ಟೂನಿಗೆ ಇಷ್ಟು ಗೊತ್ತಿದ್ದರೆ ಹೇಗೋ ನಡೆಯುತ್ತೆ, ಪ್ರೈಮರಿ ಕಾರ್ಟೂನಿಗೆ ಸಾಲದು. ಪ್ರೈಮರಿ ಅಂದ್ರೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಮತದಾರರೇ ವೋಟು ಹಾಕಿ ಹೇಳುವ ಒಳಚುನಾವಣೆ. ಅಲ್ಲಿ ಹೊಡೆದಾಡುತ್ತಿರುವವರೆಲ್ಲ ಒಂದೇ ಪಕ್ಷದವರು. ಆನೆ ಇಬ್ಬರಿಗೂ ಸೇರಿದ್ದು. ಹಾಗಾಗಿ ಪ್ರಾಣಿ ಯಾವುದು ಅನ್ನೋದನ್ನ ಬಿಟ್ಟು, ಆ ಪ್ರಾಣಿಗೆ ಯಾರು ಏನು ಮಾಡ್ತಿದ್ದಾರೆ ಅಂತ ನೋಡಬೇಕು.

ಕಲಿಯೋಕೆ 1912ರಷ್ಟು ಒಳ್ಳೆಯ ವರ್ಷ ಇನ್ನೊಂದಿಲ್ಲ. ನಮ್ಮಲ್ಲಿ ಟಿಕೆಟ್ ಕೊಡೋದು ಹೈಕಮಾಂಡ್. ಅಲ್ಲೂ ಅಲ್ಲಿಯವರೆಗೆ ಹೆಚ್ಚುಕಡಿಮೆ ಪಕ್ಷದ ಮುಖಂಡರದ್ದೇ ಆಟ. ಆ ವರ್ಷ ಹತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ರಿಪಬ್ಲಿಕನ್ ಮತದಾರರೇ ತಮ್ಮ ಅಧ್ಯಕ್ಷೀಯ ಅಭ್ಯರ್ಥಿ ಯಾರಾಗಬೇಕು ಅಂತ ವೋಟು ಹಾಕಿದರು. ಒಂದು ಕಡೆ ಹಾಲಿ ಅಧ್ಯಕ್ಷ ವಿಲಿಯಂ ಟಾಫ್ಟ್. ಇನ್ನೊಂದು ಕಡೆ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್, ಅಂದ್ರೆ 1908ರಲ್ಲಿ ಇದೇ ಟಾಫ್ಟ್ ಅವರನ್ನು ಕೈಹಿಡಿದು ಮೇಲೆ ತಂದವರು. ಜೊತೆಗೆ ವಿಸ್ಕಾನ್ಸಿನ್‌ನ ಸೆನೆಟರ್ ರಾಬರ್ಟ್ ಲಾ ಫಾಲೆಟ್. ವ್ಯಂಗ್ಯಚಿತ್ರಕಾರರಿಗೆ ಇದಕ್ಕಿಂತ ಹಬ್ಬ ಬೇಕಾ?

ಮೊದಲು ಆಳುಗಳನ್ನು ಗುರುತಿಸಿ. ರೂಸ್‌ವೆಲ್ಟ್ ಅಂದ್ರೆ ಹಲ್ಲು, ಮೂಗಿನ ಮೇಲೆ ಕೂರುವ ಕನ್ನಡಕ, ಮೀಸೆ, ಕೈಯಲ್ಲಿ ದೊಡ್ಡ ದೊಣ್ಣೆ. ಬರೀ ಹಲ್ಲು, ಕನ್ನಡಕ ಬರೆದರೂ ಜನ ಗುರುತು ಹಿಡಿಯುತ್ತಿದ್ದರು. ಟಾಫ್ಟ್ ಅಂದ್ರೆ ಹೊಟ್ಟೆ. ಅವರು ಸುಮಾರು 150 ಕೆಜಿ ತೂಗುತ್ತಿದ್ದರು. ಲಾ ಫಾಲೆಟ್ ಅಂದ್ರೆ ಮೇಲಕ್ಕೆ ಎತ್ತಿ ಬಾಚಿದ ಕೂದಲು.

ಇಲ್ಲೇ ತುಂಬಾ ಜನ ಎಡವೋದು. ಟಾಫ್ಟ್ ದಪ್ಪ ಕಂಡ ತಕ್ಷಣ ‘ಚಿತ್ರಕಾರ ಅವರನ್ನು ಗೇಲಿ ಮಾಡಿದ್ದಾನೆ’ ಅಂತ ಬರೆದು ಮುಗಿಸಿಬಿಡ್ತಾರೆ. ಇಲ್ಲ. ಹೊಟ್ಟೆ ಬರೀ ಗುರುತು, ಹೆಸರಿನ ಚೀಟಿ ಇದ್ದ ಹಾಗೆ. ಆ ಹೊಟ್ಟೆ ಏನಾದರೂ ಕೆಲಸ ಮಾಡಿದಾಗ ಮಾತ್ರ ಅದು ಆರೋಪ ಆಗುತ್ತೆ. ಟಾಫ್ಟ್ ಆನೆ ಮೇಲೆ ಕೂತಿದ್ದಾರೆ, ಆನೆ ಆರಾಮಾಗಿ ನಡೀತಿದೆ ಅಂದ್ರೆ ಹೇಳೋದು ಒಂದು. ಅದೇ ಟಾಫ್ಟ್ ಕೂತಿದ್ದಕ್ಕೆ ಆನೆಯ ಮೊಣಕಾಲು ಬಾಗಿದೆ ಅಂದ್ರೆ ‘ಇವರನ್ನು ಹೊತ್ತು ಪಕ್ಷ ಗೆಲ್ಲಲ್ಲ’ ಅಂತ ಅರ್ಥ. ಹಲ್ಲಿನ ಕಥೆಯೂ ಅದೇ. ರೂಸ್‌ವೆಲ್ಟ್ ನಗುತ್ತಿದ್ದಾರಾ, ಹಲ್ಲು ಕಡಿಯುತ್ತಿದ್ದಾರಾ ನೋಡಿ.

ಆಮೇಲೆ ತಾರೀಖು. ಕೆಳಗೆ ಅಚ್ಚಾಗಿರದಿದ್ದರೂ ಚಿತ್ರದ ಸಾಮಾನುಗಳೇ ಹೇಳ್ತವೆ. ಅಖಾಡದಲ್ಲಿ ಬಿದ್ದ ಟೋಪಿ ಕಂಡರೆ ಅದು ಹೆಚ್ಚಾಗಿ 1912ರ ಫೆಬ್ರವರಿ ಅಥವಾ ಅದರ ನಂತರದ್ದು. ಆ ತಿಂಗಳು ಕ್ಲೀವ್‌ಲ್ಯಾಂಡಿನಲ್ಲಿ ರೂಸ್‌ವೆಲ್ಟ್ ‘ನನ್ನ ಟೋಪಿ ಅಖಾಡದಲ್ಲಿದೆ’ ಅಂದರು. ಬಾಕ್ಸಿಂಗ್ ಅಖಾಡಕ್ಕೆ ಟೋಪಿ ಎಸೆದರೆ ‘ನಾನೂ ಕುಸ್ತಿಗೆ ಸಿದ್ಧ’ ಅಂತ. ನಮ್ಮಲ್ಲಿ ಸಿಎಂ ಕುರ್ಚಿಗೆ ಟವೆಲ್ ಹಾಕೋದಿದೆಯಲ್ಲ, ಅದೇ ಥರ. ಚಿತ್ರದಲ್ಲಿ ಮೂಸ್ ಕಂಡರೆ, ಅಂದ್ರೆ ಅಗಲ ಕೊಂಬಿನ ದೊಡ್ಡ ಕಡವೆಯಂಥ ಪ್ರಾಣಿ, ಜೂನ್ ಬಂತು ಅಂತ ತಿಳಿಯಿರಿ. ಪಕ್ಷದ ಜಗಳ ಮುಗಿದು ರೂಸ್‌ವೆಲ್ಟ್ ಹೊಸ ಪಕ್ಷದ ಕಡೆ ಹೊರಟಾಗಿನ ಗುರುತು ಅದು. ಅದನ್ನು ಪ್ರೈಮರಿ ಕಾರ್ಟೂನ್ ಅಂತ ಓದಿದರೆ ಎಲ್ಲ ತಲೆಕೆಳಗಾಗುತ್ತೆ.

ಇವೆರಡರ ನಡುವೆ ಬರೋದು ರೋಡ್ ರೋಲರ್. ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ಪ್ರೈಮರಿಗಳಲ್ಲಿ ರೂಸ್‌ವೆಲ್ಟ್ 9 ರಾಜ್ಯ ಗೆದ್ದರು, ಟಾಫ್ಟ್ ಅವರ ತವರು ಓಹಾಯೋ ಕೂಡ ಸೇರಿ. ಆದರೆ ಅಭ್ಯರ್ಥಿಯನ್ನು ಕೊನೆಗೆ ಆರಿಸೋದು ಪಕ್ಷದ ಸಮಾವೇಶಕ್ಕೆ ಬರುವ ರಾಜ್ಯಗಳ ಪ್ರತಿನಿಧಿಗಳು. ಬಹಳಷ್ಟು ರಾಜ್ಯಗಳ ಪ್ರತಿನಿಧಿಗಳು ಹಳೇ ಪದ್ಧತಿಯಲ್ಲೇ ಆಯ್ಕೆಯಾಗಿದ್ದರು, ಪಕ್ಷದ ಯಂತ್ರ ಟಾಫ್ಟ್ ಕಡೆಯವರ ಕೈಯಲ್ಲಿತ್ತು. ಜೂನ್‌ನಲ್ಲಿ ಷಿಕಾಗೋ ಸಮಾವೇಶದ ಹೊತ್ತಿಗೆ 254 ಪ್ರತಿನಿಧಿ ಸ್ಥಾನಗಳಿಗೆ ತಕರಾರು ಎದ್ದಿತ್ತು. ಅದರಲ್ಲಿ 235 ಟಾಫ್ಟ್ ಕಡೆಗೆ ಹೋದವು, 19 ರೂಸ್‌ವೆಲ್ಟ್ ಕಡೆಗೆ. ‘ನಮ್ಮ ಮೇಲೆ ರೋಲರ್ ಹತ್ತಿಸಿದರು’ ಅಂತ ರೂಸ್‌ವೆಲ್ಟ್ ಬೆಂಬಲಿಗರು ಸಭೆಯಲ್ಲೇ ಉಪ್ಪುಕಾಗದ ಉಜ್ಜಿ ರೋಲರಿನ ಸದ್ದು ಮಾಡಿದರು, ಸೀಟಿಯಂತೆ ಕೂಗಿದರು.

ಈಗ ಆ ರೋಲರ್ ಇರುವ ಚಿತ್ರ ಸಿಕ್ಕಿದರೆ ಎರಡೇ ಪ್ರಶ್ನೆ ಕೇಳಿ. ಓಡಿಸ್ತಿರೋದು ಯಾರು? ಅಡಿಯಲ್ಲಿ ಬಿದ್ದಿರೋದು ಏನು? ಟಾಫ್ಟ್ ಅವರೇ ಓಡಿಸುತ್ತಿದ್ದರೆ ತಪ್ಪು ಅವರದ್ದು. ಯಾರೋ ಹೆಸರಿಲ್ಲದ ಸಿಗಾರ್ ಸೇದುವ ಮುಖಂಡ ಓಡಿಸುತ್ತಿದ್ದು ಟಾಫ್ಟ್ ಸುಮ್ನೆ ಹಿಂದೆ ಕೂತಿದ್ದರೆ ‘ಇವರು ಬರೀ ಗೊಂಬೆ’ ಅನ್ನೋ ಮಾತು. ಅಡಿಯಲ್ಲಿ ರೂಸ್‌ವೆಲ್ಟ್ ಇದ್ದರೆ ಒಬ್ಬ ಅಭ್ಯರ್ಥಿಗೆ ಅನ್ಯಾಯ, ಮತಪೆಟ್ಟಿಗೆ ಇದ್ದರೆ ವೋಟು ಹಾಕಿದ ಜನರಿಗೆ ಅನ್ಯಾಯ, ಆನೆ ಇದ್ದರೆ ಪಕ್ಷವೇ ತನ್ನನ್ನು ತಾನು ಕೊಂದುಕೊಳ್ಳುತ್ತಿದೆ. ಕೊನೆಯದು ನಿಜವೂ ಆಯ್ತು. ನವೆಂಬರ್‌ನಲ್ಲಿ ಡೆಮಾಕ್ರಟ್ ವುಡ್ರೋ ವಿಲ್ಸನ್‌ಗೆ 435 ಎಲೆಕ್ಟೋರಲ್ ಮತ (ರಾಜ್ಯವಾರು ಲೆಕ್ಕದ, ಅಧ್ಯಕ್ಷರನ್ನು ನಿರ್ಧರಿಸುವ ಮತ), ರೂಸ್‌ವೆಲ್ಟ್‌ಗೆ 88, ಟಾಫ್ಟ್‌ಗೆ ಬರೀ 8.

ಚಿತ್ರದೊಳಗೆ ಬರೆದಿರುವ ಹೆಸರಿನ ಚೀಟಿಗಳನ್ನು ಓದದೆ ಪ್ರಾಣಿಯನ್ನು ನಂಬಬೇಡಿ. ಆನೆಯನ್ನು ರಿಪಬ್ಲಿಕನ್ನರಿಗೆ ಅಂಟಿಸಿದ ಥಾಮಸ್ ನ್ಯಾಸ್ಟ್ ಅವರ ಚಿತ್ರವನ್ನೇ ನೋಡಿ, 1874ರ ನವೆಂಬರ್ 7ರ ಹಾರ್ಪರ್ಸ್ ವೀಕ್ಲಿಯದ್ದು. ಅದರಲ್ಲಿ ಸಿಂಹದ ಚರ್ಮ ಹೊದ್ದ ಕತ್ತೆ ಇದೆ. ಡೆಮಾಕ್ರಟ್ ಅಂದುಕೊಂಡರೆ ಕೆಟ್ಟಿರಿ. ಆ ಕತ್ತೆ ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆ. ಅಧ್ಯಕ್ಷ ಗ್ರಾಂಟ್ ಮೂರನೇ ಸಲ ನಿಲ್ತಾರೆ, ರೋಮಿನ ಸೀಸರ್ ಥರ ಸರ್ವಾಧಿಕಾರಿ ಆಗ್ತಾರೆ ಅಂತ ಅದು ಕೂಗಿ ಹೆದರಿಸುತ್ತಿದೆ. ರಿಪಬ್ಲಿಕನ್ ವೋಟು ಅಂತ ಬರೆದ ಆನೆ ದಿಕ್ಕೆಟ್ಟು ಗುಂಡಿಯ ಕಡೆ ನುಗ್ಗುತ್ತಿದೆ. 1912ರಲ್ಲಿ ರೂಸ್‌ವೆಲ್ಟ್ ತಲೆ ಮೇಲೆ ಕಿರೀಟ ಬಂದಿದ್ದೂ ಇದೇ ಮೂರನೇ ಅವಧಿಯ ಭಯಕ್ಕೆ. 1904ರಲ್ಲಿ ಗೆದ್ದ ರಾತ್ರಿಯೇ ‘ಇನ್ನೊಮ್ಮೆ ನಿಲ್ಲಲ್ಲ’ ಅಂದಿದ್ದರಲ್ಲ!

ಪತ್ರಿಕೆ ಯಾವುದು ಅಂತಲೂ ನೋಡಿ. ‘ಪಕ್’ ಡೆಮಾಕ್ರಟ್ ಕಡೆ ವಾಲಿದ್ದ ಪತ್ರಿಕೆ. ಅದು ಟಾಫ್ಟ್, ರೂಸ್‌ವೆಲ್ಟ್ ಇಬ್ಬರಿಗೂ ಬಾರಿಸಿದರೆ ಅದು ನಿಷ್ಪಕ್ಷಪಾತ ಅಲ್ಲ, ಎದುರು ಪಾಳಯದ ಖುಷಿ.

ಹೊಸ ಕಾರ್ಟೂನುಗಳಿಗೂ ಇದೇ ದಾರಿ. 2016ರ ರಿಪಬ್ಲಿಕನ್ ಸ್ಪರ್ಧೆಯಲ್ಲಿ 17 ಜನ ಪ್ರಮುಖ ಅಭ್ಯರ್ಥಿಗಳಿದ್ದರು. ಅಂಥ ಗುಂಪಿನ ಚಿತ್ರದಲ್ಲಿ ಯಾರು ದೊಡ್ಡದಾಗಿದ್ದಾರೆ, ಯಾರು ಅಂಚಿನಲ್ಲಿ ಅರ್ಧ ಕತ್ತರಿಸಿಹೋಗಿದ್ದಾರೆ, ಯಾರನ್ನು ಬರೆದೇ ಇಲ್ಲ, ಅದನ್ನು ಮೊದಲು ನೋಡಿ.

ಅಭ್ಯಾಸಕ್ಕೆ ಅಮೆರಿಕದ ರಾಷ್ಟ್ರೀಯ ದಾಖಲೆ ಸಂಗ್ರಹಾಲಯದಲ್ಲಿ ಕ್ಲಿಫರ್ಡ್ ಬೆರಿಮನ್ ಅವರ ಸುಮಾರು 2,400 ಮೂಲ ಚಿತ್ರಗಳಿವೆ. 1902ರಲ್ಲಿ ರೂಸ್‌ವೆಲ್ಟ್ ಜೊತೆ ಕರಡಿಮರಿ ಬರೆದು ‘ಟೆಡ್ಡಿ ಬೇರ್’ ಹುಟ್ಟಿಗೆ ಕಾರಣರಾದವರು ಇವರೇ. ಇವರ ಚಿತ್ರಗಳ ಮೂಲೆಯಲ್ಲಿ ಆಮೇಲೂ ಆ ಕರಡಿ ಕಾಣಿಸುತ್ತಿರುತ್ತೆ. ಒಂದು ಚಿತ್ರ ತೆರೆಯಿರಿ, ಕೆಳಗಿನ ಸಾಲನ್ನು ಕೈಯಿಂದ ಮುಚ್ಚಿ, ಯಾರು ಯಾರಿಗೆ ಏನು ಮಾಡುತ್ತಿದ್ದಾರೆ ಅಂತ ಒಂದೇ ವಾಕ್ಯದಲ್ಲಿ ಬರೆಯಿರಿ. ಆಮೇಲೆ ಕೈ ತೆಗೆದು ಆ ಸಾಲು ಓದಿ.