ದಿನಕ್ಕೊಂದೇ ಬಿಪಿ ಮಾತ್ರೆ: ನನ್ನ ಅನುಭವ

ಮುಂಬಯಿಯ ಮಾತುಂಗಾದ ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಉಡುಪಿ, ಕುಂದಾಪುರ ಕಡೆಯ ಹೋಟೆಲಿನವರೇ ಹೆಚ್ಚು. ಗಲ್ಲಾದಲ್ಲಿ ಕೂರುವ ಒಬ್ಬರಿಗೆ ಹಿಂದೆ ಹೃದಯಾಘಾತವೂ ಆಗಿದ್ದರಿಂದ ಮೆಟೊಪ್ರೊಲಾಲ್ ಟಾರ್ಟ್ರೇಟ್ ಎಂಬ ಬಿಪಿ ಮಾತ್ರೆ 25 ಮಿ.ಗ್ರಾಂ. ಎರಡು ಹೊತ್ತು ಬರೆದಿದ್ದೆ. ಬೆಳಿಗ್ಗೆ ಬಂದಾಗಲೆಲ್ಲ ಬಿಪಿ 134/84. ಒಮ್ಮೆ ಸಂಜೆ ಕರೆಸಿ ನೋಡಿದರೆ 158/96! ಜೇಬಿನಲ್ಲಿದ್ದ ಸ್ಟ್ರಿಪ್ ತೆಗೆಸಿ ಎಣಿಸಿದೆ. ಹನ್ನೊಂದು ಮಾತ್ರೆ ಜಾಸ್ತಿ ಉಳಿದಿತ್ತು.

"ಎಂಥ ಮಾಡುದು ಡಾಕ್ಟ್ರೇ, ಮನೆ ಮುಟ್ಟುವಾಗ ಹನ್ನೆರಡು ಗಂಟೆ ಆಗ್ತದೆ, ರಾತ್ರಿಯದ್ದು ತಪ್ಪಿ ಹೋಗ್ತದೆ" ಅಂದರು.

ಟಾರ್ಟ್ರೇಟಿನ ಕಸುವು ಕೆಲವೇ ಗಂಟೆಗಳದ್ದು. ಅದೇ ಔಷಧದ ನಿಧಾನವಾಗಿ ಬಿಡುಗಡೆಯಾಗುವ ರೂಪ ಸಕ್ಸಿನೇಟ್, ದಿನಕ್ಕೊಂದೇ 50ಕ್ಕೆ ಬದಲಿಸಿದೆ. ಬೆಲೆ ಸ್ವಲ್ಪ ಹೆಚ್ಚು, ಆದರೆ ತಿಂಗಳೊಳಗೆ ಸಂಜೆಯ ಬಿಪಿಯೂ ಹತೋಟಿಗೆ ಬಂತು.

ಆಮೇಲೆ ಎಲ್ಲರಿಗೂ ನಿಧಾನ ಬಿಡುಗಡೆಯ ಮಾತ್ರೆಯೇ ಸರಿ ಅನ್ನಿಸಿಬಿಟ್ಟಿತು. ಅಲ್ಲೇ ನಾನು ತಪ್ಪಿದೆ.

ಡೊಂಬಿವಲಿಯ ಒಬ್ಬ ಅಜ್ಜಿಗೆ ನಿಫೆಡಿಪಿನ್ ರಿಟಾರ್ಡ್ ಎಂಬ, ನಿಧಾನವಾಗಿ ಬಿಡುಗಡೆಯಾಗುವ ಬಿಪಿ ಮಾತ್ರೆ ಕೊಟ್ಟಿದ್ದೆ. ಒಂದು ಬೆಳಿಗ್ಗೆ ಸೊಸೆ ಆಟೊದಲ್ಲಿ ಕರೆತಂದರು. ಮುಖ ಕೆಂಪಾಗಿತ್ತು, ನಾಡಿ 112, ಬಿಪಿ 94/60. ಅಜ್ಜಿಗೆ ನುಂಗಲು ಕಷ್ಟವೆಂದು ಸೊಸೆ ಮಾತ್ರೆಯನ್ನು ಚಮಚದಲ್ಲಿ ಅರೆದು, ಬಿಸಿನೀರಿಗೆ ಬೆರೆಸಿ ಕುಡಿಸಿದ್ದರು. ಗಂಟೆಗಟ್ಟಲೆ ಸಣ್ಣಗೆ ಇಳಿಯಬೇಕಾದ ಔಷಧ ಒಮ್ಮೆಗೇ ರಕ್ತಕ್ಕೆ ನುಗ್ಗಿತ್ತು. ಅರೆಯಬಾರದೆಂದು ನಾನು ಹೇಳಿಯೇ ಇರಲಿಲ್ಲ.

ಈ ಕುಸಿತದ ಅಪಾಯ ನನಗೆ ಗೊತ್ತಿರಬೇಕಿತ್ತು. ನಾನು ಕಲಿಯುವ ಕಾಲದಲ್ಲಿ ಬಿಪಿ ಏರಿದವರ ನಾಲಿಗೆಯಡಿ ನಿಫೆಡಿಪಿನ್ ಕ್ಯಾಪ್ಸೂಲ್ ಚುಚ್ಚಿ ಹಿಂಡುತ್ತಿದ್ದೆವು. ಒತ್ತಡ ಏಕಾಏಕಿ ಬಿದ್ದು ಪಾರ್ಶ್ವವಾಯು, ಹೃದಯಾಘಾತ ಆದ ವರದಿಗಳು ಬಂದವು. 1996ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ 'ಜಾಮಾ'ದಲ್ಲಿ ಈ ಪದ್ಧತಿ ನಿಲ್ಲಿಸಿ ಎಂಬ ಲೇಖನವೇ ಬಂತು.

ಅಜ್ಜಿಯನ್ನು ಮಲಗಿಸಿ, ಕಾಲು ಎತ್ತರಿಸಿ, ಬಿಪಿ 110 ದಾಟುವವರೆಗೆ ಪಕ್ಕದಲ್ಲೇ ಕೂತಿದ್ದೆ. ಆಮೇಲೆ ಅಮ್ಲೊಡಿಪಿನ್ ಬರೆದೆ. ಅದು ಸಾದಾ ಮಾತ್ರೆಯೇ. ಆದರೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು 30ರಿಂದ 50 ಗಂಟೆ ಬೇಕು. ಔಷಧವೇ ಅಷ್ಟು ಹೊತ್ತು ನಿಲ್ಲುವುದರಿಂದ ನಿಧಾನ ಬಿಡುಗಡೆಯ ಕವಚ ಬೇಡ, ಬೆಲೆಯೂ ಕಡಿಮೆ.

ಸೊಸೆ ಚೀಟಿ ಹಿಡಿದು ಬಾಗಿಲಲ್ಲೇ ನಿಂತರು. "ಇದನ್ನಾದರೂ ಅರೆದು ಕೊಡಬಹುದಾ ಡಾಕ್ಟ್ರೇ?"

"ಇದನ್ನು ಕೊಡಬಹುದಮ್ಮ" ಅಂದೆ. ಚೀಟಿ ವಾಪಸು ತಗೊಂಡು ಅದನ್ನೂ ಕನ್ನಡದಲ್ಲೇ ಬರೆದುಕೊಟ್ಟೆ.